ನಾಯಿ ಮುಖದ ಕ್ಯಾನ್ಸರ್ ತೆಗೆದ್ಮೇಲೆ ಮುಖ ಮತ್ತೆ ಕಟ್ಟೋದು: ಸುದ್ದಿಯಲ್ಲಿ ಬರೋದು ಒಂದು, ಆಪರೇಷನ್ ಥಿಯೇಟರ್‌ನಲ್ಲಿ ಆಗೋದು ಇನ್ನೊಂದು

ಟೈಟಾನಿಯಂ ತಲೆಬುರುಡೆ ಹಾಕಿಸ್ಕೊಂಡ ನಾಯಿ, ಕತ್ತರಿಸಿದ ದವಡೆ ಮೂಳೆ ಮತ್ತೆ ಬೆಳೆದ ನಾಯಿ, ಒಂದು ಕಡೆ ಮೂತಿನೇ ಇಲ್ದೆ ಬಾಲ ಅಲ್ಲಾಡಿಸ್ತಾ ನಿಂತಿರೋ ನಾಯಿ. ಈ ಥರದ ಸುದ್ದಿ ಫೋಟೋ ಸಮೇತ ಆಗಾಗ ಓಡಾಡ್ತಾನೇ ಇರತ್ತೆ. ಓದಿದವರಲ್ಲಿ ಅರ್ಧ ಜನ 'ಅಬ್ಬಾ, ಸೈನ್ಸ್ ಎಲ್ಲಿಗೆ ಬಂತು ನೋಡಿ' ಅಂತಾರೆ, ಇನ್ನರ್ಧ ಜನ 'ಪಾಪ ಮೂಕಪ್ರಾಣಿಗೆ ಯಾಕಿಷ್ಟು ಹಿಂಸೆ, ನೆಮ್ಮದಿಯಾಗಿ ಕಳಿಸಿಕೊಡಬಾರದಾ' ಅಂತಾರೆ, ಮನೇಲಿ ವಯಸ್ಸಾದ ನಾಯಿ ಇರೋರು ಮಾತ್ರ ಯಾವ ಕಡೇನೂ ಸೇರದೆ ನಾಳೆ ನಮ್ಮದಕ್ಕೇ ಹೀಗಾದ್ರೆ ಏನ್ ಮಾಡೋದು ಅಂತ ಯೋಚನೆಗೆ ಬೀಳ್ತಾರೆ.

ಗೊಂದಲಕ್ಕೆ ಕಾರಣ ಏನಂದ್ರೆ ಈ ಸುದ್ದಿಗಳಲ್ಲಿ ಮುಖ ಕಟ್ಟಿದ ಕಥೆ ಪೂರ್ತಿ ಇರತ್ತೆ, ಕ್ಯಾನ್ಸರ್ ಕಥೆ ಒಂದೇ ಸಾಲಲ್ಲಿ ಮುಗಿದಿರತ್ತೆ. ನಾಯಿ ಎಷ್ಟು ದಿನ ಬದುಕತ್ತೆ ಅನ್ನೋದು ನಿಂತಿರೋದು ಆ ಒಂದು ಸಾಲಿನ ಮೇಲೆ. ಮುಖ ಕಟ್ಟೋದು ಅಂದ್ರೆ ಕೊರೆದ ಜಾಗಕ್ಕೆ ಮುಚ್ಚಳ ಹಾಕೋ ಕೆಲಸ, ಚಂದ ಕಾಣಿಸೋ ಕೆಲಸ ಅಲ್ಲ, ಎಷ್ಟೋ ಸಲ ಮೂಳೆಯನ್ನ ಕಟ್ಟೋದೇ ಇಲ್ಲ, ಬೇಕೂಂತಲೇ ಹಾಗೇ ಬಿಡ್ತಾರೆ.

ಮೊದಲು ಆ ಟೈಟಾನಿಯಂ ಕೇಸ್

2018ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಪ್ಯಾಚಸ್ ಅನ್ನೋ ಒಂಬತ್ತು ವರ್ಷದ ಡ್ಯಾಶ್‌ಹಂಡ್‌ಗೆ ಆಪರೇಷನ್ ಆಯ್ತು. ತಲೆಬುರುಡೆ ಮೇಲೆ ದೊಡ್ಡ ಗಡ್ಡೆ, ಮಿದುಳು ಮತ್ತು ಕಣ್ಣಿನ ಗೂಡಿನ ಕಡೆ ಒತ್ತಿಕೊಂಡು ಬರ್ತಿತ್ತು. ಅದನ್ನ ತೆಗೀಬೇಕಂದ್ರೆ ಬುರುಡೆಯ ಮೇಲ್ಭಾಗದ ಸುಮಾರು 70% ಹೋಗಬೇಕು. ಕೆನಡಾದ ಗ್ವೆಲ್ಫ್‌ನಲ್ಲಿರೋ ಒಂಟಾರಿಯೋ ವೆಟರ್ನರಿ ಕಾಲೇಜಿನ ಡಾ. ಮಿಶೆಲ್ ಓಬ್ಲಾಕ್, ಕಾರ್ನೆಲ್‌ನ ಸರ್ಜನ್ ಡಾ. ಗಲೀನಾ ಹೇಯ್ಸ್ ಜೊತೆ ಸೇರಿ ಸಿಟಿ ಸ್ಕ್ಯಾನ್ ಇಟ್ಕೊಂಡು ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಅಂತ ಕಂಪ್ಯೂಟರ್‌ನಲ್ಲೇ ಮೊದಲು ಗೆರೆ ಹಾಕಿ, ಉಳಿಯೋ ಅಂಚಿಗೆ ಸರಿಯಾಗಿ ಕೂರೋ ಹಾಗೆ ಟೈಟಾನಿಯಂ ಪ್ಲೇಟ್ ಒಂದನ್ನ 3ಡಿ ಪ್ರಿಂಟ್ ಮಾಡಿಸಿದ್ರು.

ಇದ್ರಲ್ಲಿ ಹೊಸತೇನು? ಪ್ಲೇಟ್ ಹಾಕೋದು ಮೊದಲೂ ಇತ್ತು. ಹಳೇ ಪದ್ಧತಿಯಲ್ಲಿ ಗಡ್ಡೆ ತೆಗೆದ ಮೇಲೆ, ನಾಯಿ ಅನಸ್ತೇಸಿಯಾದಲ್ಲಿ ಇರೋವಾಗಲೇ ಟೈಟಾನಿಯಂ ಜಾಲರಿಯನ್ನ ಕೈಯಲ್ಲಿ ಬಗ್ಗಿಸಿ ಕೂರಿಸಬೇಕಿತ್ತು, ಟೈಮ್ ಹಿಡಿಯೋದು, ಅಷ್ಟು ಹೊತ್ತು ಮಿದುಳು ತೆರೆದಿರೋದು. ಪ್ಲೇಟ್ ರೆಡಿ ಇದ್ರೆ ಆ ಸಮಯ ಉಳಿಯತ್ತೆ. ಬುರುಡೆಯಲ್ಲಿ ಇದನ್ನ ಮಾಡದೇ ವಿಧಿ ಇರಲಿಲ್ಲ, ಯಾಕಂದ್ರೆ ಅಷ್ಟು ದೊಡ್ಡ ಜಾಗದಲ್ಲಿ ಮಿದುಳಿಗೆ ಗಟ್ಟಿ ಕವಚ ಬೇಕೇ ಬೇಕು. ಇದೇ ಸುದ್ದಿ ಓದಿದವರು ದವಡೆಗೂ ಮೂಗಿಗೂ ಹಿಂಗೇ ಲೋಹದ ಭಾಗ ಮಾಡಿ ಜೋಡಿಸ್ತಾರೆ ಅಂದ್ಕೊಂಡುಬಿಡ್ತಾರೆ, ಅಲ್ಲಿಂದ ತಪ್ಪು ತಿಳುವಳಿಕೆ ಶುರು.

ಯಾವ ಗಡ್ಡೆ ಅನ್ನೋದೇ ಮೊದಲ ಪ್ರಶ್ನೆ

ನಾಯಿ ಬಾಯಲ್ಲಿ ಬರೋ ಕೆಟ್ಟ ಗಡ್ಡೆಗಳಲ್ಲಿ ಮುಖ್ಯವಾದವು ಮೂರು: ಮೆಲನೋಮಾ (ಬಣ್ಣ ಕೊಡೋ ಕಣಗಳದ್ದು), ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ (ಬಾಯಿಯ ಒಳಪೊರೆಯದ್ದು), ಫೈಬ್ರೋಸಾರ್ಕೋಮಾ (ನಾರಿನ ಅಂಗಾಂಶದ್ದು). ಇದ್ರ ಜೊತೆಗೆ ಅಕಾಂತೋಮೇಟಸ್ ಅಮೆಲೋಬ್ಲಾಸ್ಟೋಮಾ ಅಂತ ಒಂದಿದೆ, ಹೆಸರು ಕೇಳಿದ್ರೆ ಭಯ ಆಗತ್ತೆ, ಆದ್ರೆ ಅದು ಬೇರೆ ಅಂಗಕ್ಕೆ ಹರಡಲ್ಲ, ಮೂಳೆಯನ್ನ ಮಾತ್ರ ತಿನ್ಕೊಂಡು ಹೋಗತ್ತೆ. ಅದಕ್ಕೆ ಸುತ್ತ ಸುಮಾರು ಒಂದು ಸೆಂಟಿಮೀಟರ್ ಒಳ್ಳೇ ಮೂಳೆ ಸೇರಿಸಿ ಪೂರ್ತಿ ತೆಗೆದ್ರೆ ಕಥೆ ಮುಗೀತು, ನಾಯಿ ಗುಣ ಆಯ್ತು ಅಂತಲೇ ಲೆಕ್ಕ.

ಮೆಲನೋಮಾ ಅಷ್ಟು ಸುಲಭದ್ದಲ್ಲ. ದವಡೆಯಲ್ಲಿರೋದನ್ನ ಎಷ್ಟೇ ಚೆನ್ನಾಗಿ ತೆಗೆದ್ರೂ ಅದು ಗಂಟಲ ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್), ಶ್ವಾಸಕೋಶಕ್ಕೆ ಮೊದಲೇ ಹೋಗಿರಬಹುದು. ಗ್ರಂಥಿ ಊದಿಲ್ಲ ಅಂತ ನೆಮ್ಮದಿಯಿಂದ ಇರೋ ಹಾಗೂ ಇಲ್ಲ. ಬಾಯಿ ಮೆಲನೋಮಾ ಇದ್ದ ನಾಯಿಗಳ ಮೇಲಿನ ಒಂದು ಸ್ಟಡಿಯಲ್ಲಿ ಕೈಗೆ ನಾರ್ಮಲ್ ಅನ್ನಿಸಿದ ಗ್ರಂಥಿಗಳಲ್ಲೇ ಸುಮಾರು 40% ಕೇಸ್‌ಗಳಲ್ಲಿ ಕ್ಯಾನ್ಸರ್ ಸೇರಿತ್ತು. ಅದಕ್ಕೇ ಗ್ರಂಥಿಗೆ ಸೂಜಿ ಹಾಕಿ ನೋಡದೆ, ಎದೆ ಸ್ಕ್ಯಾನ್ ಮಾಡಿಸದೆ ನೇರ ಥಿಯೇಟರ್‌ಗೆ ಹೋದ್ರೆ ಮುಖ ಚೆನ್ನಾಗಿ ಹೊಲಿದು ಕಳಿಸಿದ ನಾಯಿ ಮೂರ್ನಾಲ್ಕು ತಿಂಗಳಲ್ಲಿ ಶ್ವಾಸಕೋಶದ ಗಡ್ಡೆಯಿಂದ ಹೋಗಿಬಿಡಬಹುದು.

ಫೈಬ್ರೋಸಾರ್ಕೋಮಾದ ಕಾಟ ಉಲ್ಟಾ. ಅದು ದೂರಕ್ಕೆ ಹರಡೋದು ಕಮ್ಮಿ, ಇದ್ದ ಜಾಗದಲ್ಲೇ ಬೇರು ಬಿಟ್ಟು ಮತ್ತೆ ಮತ್ತೆ ಬರೋದು ಜಾಸ್ತಿ. ಗೋಲ್ಡನ್ ರಿಟ್ರೀವರ್ ಥರದ ತಳಿಗಳಲ್ಲಿ ಒಂದು ಮೋಸದ ವಿಧ ಕಾಣಿಸತ್ತೆ. ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡೋ ಪರೀಕ್ಷೆ) ರಿಪೋರ್ಟ್‌ನಲ್ಲಿ 'ಸೌಮ್ಯ', 'ಲೋ ಗ್ರೇಡ್' ಅಂತ ಬರತ್ತೆ, ಸ್ಕ್ಯಾನ್ ನೋಡಿದ್ರೆ ಮೇಲ್ದವಡೆ ಮೂಳೆ ಕರಗಿ ಹೋಗಿರತ್ತೆ. ರಿಪೋರ್ಟ್ ನಂಬಿ ಚಿಕ್ಕದಾಗಿ ಕತ್ತರಿಸಿದವರಿಗೆ ಕೆಲವೇ ತಿಂಗಳಲ್ಲಿ ಗಡ್ಡೆ ವಾಪಸ್ ಬರತ್ತೆ, ಎರಡನೇ ಸಲ ಕತ್ತರಿಸೋಕೆ ಒಳ್ಳೇ ಚರ್ಮ ಉಳಿದಿರಲ್ಲ. ಹಾಗಾಗಿ ಇಲ್ಲಿ ಬಯಾಪ್ಸಿ ನೋಡೋ ಪೆಥಾಲಜಿಸ್ಟ್ ಹೇಳಿದ್ದು, ಸ್ಕ್ಯಾನ್ ತೋರಿಸಿದ್ದು ಎರಡನ್ನೂ ಒಟ್ಟಿಗೆ ಇಟ್ಟು ನೋಡೋರು ಬೇಕು.

ಕಟ್ಟೋಕೆ ಬಂದ್ರೆ ಕತ್ತರಿಸೋಕೆ ಧೈರ್ಯ

ಗಡ್ಡೆ ಸುತ್ತ ಎಷ್ಟು ಒಳ್ಳೇ ಅಂಗಾಂಶ ಸೇರಿಸಿ ತೆಗೀತಾರೆ ಅನ್ನೋದಕ್ಕೆ ಮಾರ್ಜಿನ್ ಅಂತಾರೆ. ಗಡ್ಡೆ ಪ್ರಕಾರ ಒಂದರಿಂದ ಮೂರು ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ಹೊಟ್ಟೆ ಮೇಲೆ ಮೂರು ಸೆಂಟಿಮೀಟರ್ ಏನೂ ಅಲ್ಲ, ಎಳೆದು ಹೊಲಿದ್ರೆ ಮುಗೀತು. ಮುಖದಲ್ಲಿ ಹಂಗಲ್ಲ. ಸುತ್ತಲೂ ಮೂರು ಸೆಂಟಿಮೀಟರ್ ಅಂದ್ರೆ ಅಷ್ಟರಲ್ಲಿ ಕಣ್ಣು, ಮೂಗು, ತುಟಿ, ಅಂಗುಳು ಎಲ್ಲಾ ಬಂದುಬಿಡತ್ತೆ.

ಈಗ ಸರ್ಜನ್ ಜಾಗದಲ್ಲಿ ನಿಂತು ನೋಡಿ. ಹೊಂಡ ಮುಚ್ಚೋಕೆ ಬರಲ್ಲ ಅಂತ ಗೊತ್ತಿದ್ರೆ ಕೈ ತಾನಾಗೇ ಹಿಂಜರಿಯತ್ತೆ, ಒಂದು ಸೆಂಟಿಮೀಟರ್ ಕಮ್ಮಿ ತೆಗೆಯೋಣ ಅನ್ಸತ್ತೆ. ಆ ಕಮ್ಮಿ ಮಾಡಿದ ಒಂದು ಸೆಂಟಿಮೀಟರ್‌ನಲ್ಲೇ ಕ್ಯಾನ್ಸರ್ ಉಳಿದಿರತ್ತೆ. ಎಷ್ಟು ದೊಡ್ಡ ಹೊಂಡ ಆದ್ರೂ ಮುಚ್ಚಬಲ್ಲೆ ಅನ್ನೋರು ಮಾತ್ರ ಬೇಕಾದಷ್ಟು ಕತ್ತರಿಸ್ತಾರೆ. ರಿಕನ್‌ಸ್ಟ್ರಕ್ಷನ್, ಅಂದ್ರೆ ಮತ್ತೆ ಕಟ್ಟೋ ಕೆಲಸದ ನಿಜವಾದ ಬೆಲೆ ಇರೋದು ಇಲ್ಲಿ, ನಾಯಿಯ ಅಂದದಲ್ಲಿ ಅಲ್ಲ. ಮನುಷ್ಯರ ಕ್ಯಾನ್ಸರ್ ಸರ್ಜರಿಯಲ್ಲೂ ಗಡ್ಡೆ ತೆಗೆಯೋ ಟೀಮ್ ಬೇರೆ, ಮುಚ್ಚೋ ಟೀಮ್ ಬೇರೆ ಇರೋದು ಇದೇ ಕಾರಣಕ್ಕೆ, ಮುಚ್ಚೋ ಚಿಂತೆ ಕತ್ತರಿಸೋರ ತಲೆಗೆ ಬರಬಾರದು ಅಂತ.

ಇದಕ್ಕೊಂದು ಅಡ್ಡ ಪರಿಣಾಮನೂ ಇದೆ. ಪಕ್ಕದಿಂದ ಚರ್ಮ ತಿರುಗಿಸಿ ತಂದು ಹೊಲಿದ ಮೇಲೆ, ವಾರದ ನಂತರ ಬರೋ ರಿಪೋರ್ಟ್‌ನಲ್ಲಿ 'ಅಂಚಿನಲ್ಲಿ ಇನ್ನೂ ಕ್ಯಾನ್ಸರ್ ಇದೆ' ಅಂತ ಬಂದ್ರೆ? ಆಗ ಹಳೇ ಅಂಚು ಎಲ್ಲಿತ್ತು ಅಂತಲೇ ಗೊತ್ತಾಗಲ್ಲ, ಚರ್ಮ ತಂದ ಜಾಗಕ್ಕೂ ಕ್ಯಾನ್ಸರ್ ಕಣ ಹೋಗಿರೋ ಸಾಧ್ಯತೆ ಬರತ್ತೆ. ಅದಕ್ಕೇ ಜಾಗ್ರತೆ ಇರೋರು ಗಡ್ಡೆ ತೆಗೆದ ತಕ್ಷಣ ಗ್ಲೌಸ್, ಉಪಕರಣ ಎಲ್ಲಾ ಬದಲಾಯಿಸ್ತಾರೆ, ಅನುಮಾನ ಇದ್ರೆ ರಿಪೋರ್ಟ್ ಬರೋವರೆಗೂ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ ಇಟ್ಟು ಆಮೇಲೆ ಕಟ್ತಾರೆ. ಬಾಯಿ ಒಳಗಡೆ ಹಾಗೆ ಕಾಯೋಕಾಗಲ್ಲ, ಅಲ್ಲಿ ಒಂದೇ ಸಲಕ್ಕೆ ಮುಗಿಸಬೇಕು.

ಚರ್ಮ, ತುಟಿ ಎಲ್ಲಿಂದ ಬರತ್ತೆ

ನಾಯಿ ಚರ್ಮ ಸಡಿಲ, ಕುತ್ತಿಗೆ ಹಿಂದೆ ಹಿಡಿದ್ರೆ ಮುಷ್ಟಿ ತುಂಬ ಬರತ್ತೆ. ಅದಕ್ಕಿಂತ ಮುಖ್ಯ ರಕ್ತನಾಳ ಹೋಗೋ ರೀತಿ. ನಾಯಿಯಲ್ಲಿ ಚರ್ಮಕ್ಕೆ ರಕ್ತ ಕೊಡೋ ನಾಳಗಳು ಚರ್ಮದ ಅಡಿಯಲ್ಲೇ ಅದಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಹರೀತವೆ. ಹಾಗಾಗಿ ಒಂದು ನಾಳವನ್ನ ಬುಡದಲ್ಲಿ ಉಳಿಸ್ಕೊಂಡು ಉದ್ದನೆ ಪಟ್ಟಿ ಎಬ್ಬಿಸಿದ್ರೆ ಆ ಪಟ್ಟಿ ತನ್ನ ರಕ್ತ ತಾನೇ ತಗೊಂಡು ಬದುಕತ್ತೆ, ಇದಕ್ಕೆ ಫ್ಲಾಪ್ ಅಂತಾರೆ. ಕಿವಿ ಹಿಂದಿನಿಂದ ಕುತ್ತಿಗೆ ಚರ್ಮ ಎಬ್ಬಿಸಿ ಕಣ್ಣಿನ ಜಾಗಕ್ಕೆ ತರಬಹುದು, ಬಾಯಿ ಮೂಲೆಯಲ್ಲಿರೋ ನಾಳದ ಮೇಲೆ ಕೆನ್ನೆ ಚರ್ಮ ಎಬ್ಬಿಸಿ ಮೂಗಿನ ಮೇಲಕ್ಕೆ ತರಬಹುದು, ರೆಪ್ಪೆ ಹೋದ್ರೆ ತುಟಿಯ ಅಂಚನ್ನೇ ತಿರುಗಿಸಿ ರೆಪ್ಪೆ ಮಾಡಬಹುದು. ಕೂದಲು ಮಾತ್ರ ತನ್ನ ಹಳೇ ದಿಕ್ಕಲ್ಲೇ ಬೆಳೆಯತ್ತೆ, ಬಣ್ಣನೂ ಹಳೇದೇ. ಮೂಗಿನ ಮೇಲೆ ಕುತ್ತಿಗೆ ಕೂದಲು ಎದುರು ದಿಕ್ಕಿಗೆ ನಿಂತಿರತ್ತೆ. ನಾಯಿಗೇನೂ ಬೇಜಾರಿಲ್ಲ.

ಮೇಲ್ದವಡೆ ತೆಗೆದಾಗ ಆಗೋದನ್ನ ಸ್ವಲ್ಪ ಹತ್ತಿರದಿಂದ ನೋಡೋಣ. ಹಲ್ಲು, ವಸಡು, ಮೂಳೆ, ಅಂಗುಳಿನ ಒಂದು ಭಾಗ ಒಟ್ಟಿಗೆ ಬಂದಾಗ ಬಾಯಿಗೂ ಮೂಗಿಗೂ ನಡುವೆ ಇದ್ದ ಗೋಡೆ ಹೋಗತ್ತೆ, ಮೂಗಿನ ಒಳಗಿನ ಸುರುಳಿ ಮೂಳೆಗಳು ಕಣ್ಣಿಗೆ ಕಾಣತ್ತೆ, ರಕ್ತ ಧಾರಾಳವಾಗಿ ಹರಿಯತ್ತೆ. ತೀರಾ ಜಾಸ್ತಿ ಆದ್ರೆ ಕುತ್ತಿಗೆಯ ಕೆರೋಟಿಡ್ ನಾಳವನ್ನೇ ಸ್ವಲ್ಪ ಹೊತ್ತು ಕಟ್ಟಿಬಿಡ್ತಾರೆ, ನಾಯಿ ಮಿದುಳಿಗೆ ಬೆನ್ನುಮೂಳೆ ಪಕ್ಕದ ನಾಳಗಳಿಂದಲೂ ಸಾಕಷ್ಟು ರಕ್ತ ಬರೋದ್ರಿಂದ ಅದು ತಡ್ಕೊಳತ್ತೆ, ಬೆಕ್ಕಿಗೆ ಹೀಗೆ ಮಾಡೋ ಹಾಗಿಲ್ಲ. ಆಮೇಲೆ ಮೇಲ್ತುಟಿ ಒಳಗಡೆಯ ಗುಲಾಬಿ ಪೊರೆಯನ್ನ ಬಿಡಿಸಿ, ಒಳಕ್ಕೆ ಎಳೆದು, ಉಳಿದ ಅಂಗುಳಿಗೆ ಎರಡು ಪದರದಲ್ಲಿ ಹೊಲೀತಾರೆ, ಹೊಲಿಗೆ ಗಟ್ಟಿ ನಿಲ್ಲೋಕೆ ಅಂಗುಳ ಮೂಳೆಯಲ್ಲಿ ಸಣ್ಣ ತೂತು ಕೊರೆದು ದಾರ ಕಟ್ತಾರೆ. ಎಲ್ಲಾ ಕೆಲಸದ ಗುಟ್ಟು ಒಂದೇ, ಬಿಗಿತ ಇರಬಾರದು. ಎಳೆದು ಬಿಗಿಯಾಗಿ ಹೊಲಿದ್ರೆ ನಾಲ್ಕೈದು ದಿನಕ್ಕೆ ಬಿಟ್ಕೊಳತ್ತೆ, ಬಿಟ್ಕೊಂಡ್ರೆ ಕುಡಿದ ನೀರು ಮೂಗಲ್ಲಿ ಬರತ್ತೆ, ಇನ್ನೊಂದು ಆಪರೇಷನ್ ಬೇಕಾಗತ್ತೆ. ತುಟಿ ಒಳಕ್ಕೆ ಹೋಗಿರೋದ್ರಿಂದ ಕೆಳಗಿನ ಕೋರೆಹಲ್ಲು ತುಟಿಗೆ ಚುಚ್ಚೋದೂ ಸಾಮಾನ್ಯ, ಆ ಹಲ್ಲನ್ನ ಮೊಟಕು ಮಾಡ್ತಾರೆ ಇಲ್ಲಾ ಕೀಳ್ತಾರೆ.

ದವಡೆ ಮೂಳೆ ಕಟ್ಟಬೇಕಾ ಬೇಡ್ವಾ

ವೆಟರ್ನರಿ ಸರ್ಜನ್‌ಗಳಲ್ಲೇ ಒಮ್ಮತ ಇಲ್ಲದ ವಿಷಯ ಇದು. ನಮ್ಮಲ್ಲಿ ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬಂದು ಕಿದ್ವಾಯಿಯಂಥ ಆಸ್ಪತ್ರೆಗೆ ಹೋದವರನ್ನ ನೋಡಿರೋರಿಗೆ ಗೊತ್ತಿರತ್ತೆ, ದವಡೆ ತೆಗೆದ ಮೇಲೆ ಕಾಲಿನ ಸಣ್ಣ ಮೂಳೆಯನ್ನ ರಕ್ತನಾಳ ಸಮೇತ ತಂದು ದವಡೆ ಮಾಡೋದುಂಟು. ಮನುಷ್ಯರಿಗೆ ಅದು ಬೇಕು, ಮಾತಾಡಬೇಕು, ಅಗಿಯಬೇಕು, ನಾಲ್ಕು ಜನರ ಎದುರು ಮುಖ ತೋರಿಸಬೇಕು.

ನಾಯಿಯ ಕೆಳದವಡೆ ಎರಡು ಬೇರೆ ಮೂಳೆ, ಮುಂದೆ ನಾರಿನ ಜೋಡಣೆಯಲ್ಲಿ ಸೇರ್ಕೊಂಡಿರತ್ತೆ. ಒಂದು ಪಕ್ಕ ತೆಗೆದ್ರೆ ಉಳಿದ ಪಕ್ಕ ಮಧ್ಯಕ್ಕೆ ಜಾರತ್ತೆ, ಅದರ ಕೋರೆಹಲ್ಲು ಅಂಗುಳಿಗೆ ಚುಚ್ಚತ್ತೆ, ನಾಲಿಗೆ ಒಂದು ಕಡೆ ಜೋತು ಬೀಳತ್ತೆ, ಜೊಲ್ಲು ಸುರಿಯತ್ತೆ. ಇಷ್ಟಾದ್ರೂ ಹೆಚ್ಚಿನ ನಾಯಿಗಳು ಒಂದೆರಡು ದಿನದಲ್ಲೇ ತಿನ್ನೋಕೆ ಶುರು ಮಾಡ್ತವೆ. ಅದಕ್ಕೇ ಒಂದು ಗುಂಪಿನ ವಾದ, ಕಟ್ಟದೇ ಇದ್ರೂ ಇಷ್ಟು ಚೆನ್ನಾಗಿರೋವಾಗ ಲೋಹ ಯಾಕೆ ಇಡಬೇಕು, ಅದು ಸೋಂಕು ಹಿಡಿಸ್ಕೊಳ್ಳಬಹುದು, ವಸಡು ಹರಿದು ಪ್ಲೇಟ್ ಹೊರಗೆ ಬರಬಹುದು, ಆಪರೇಷನ್ ಟೈಮೂ ಖರ್ಚೂ ಎರಡರಷ್ಟು ಆಗತ್ತೆ ಅಂತ.

ಇನ್ನೊಂದು ಗುಂಪು ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್‌ನಲ್ಲಿ ಡಾ. ಫ್ರಾಂಕ್ ವೆರ್‌ಸ್ಟ್ರಾಟೆ ಮತ್ತು ಡಾ. ಬೋಅಝ್ ಆರ್ಜಿ ತಂಡ ತೋರಿಸಿದ ದಾರಿ ಹಿಡಿದದ್ದು. ಟೈಟಾನಿಯಂ ಪ್ಲೇಟ್ ಕೂರಿಸಿ, ಖಾಲಿ ಜಾಗದಲ್ಲಿ ಬಿಎಂಪಿ-2 ಅನ್ನೋ ಮೂಳೆ ಬೆಳೆಸೋ ಪ್ರೋಟೀನ್ ನೆನೆಸಿದ ಸ್ಪಂಜಿನಂಥ ಚೌಕಟ್ಟು ಇಟ್ರೆ, ಕೆಲವು ವಾರಗಳಲ್ಲೇ ಕೈಗೆ ಗಟ್ಟಿ ಸಿಗೋ ಹೊಸ ಮೂಳೆ ಬರೋಕೆ ಶುರುವಾಗತ್ತೆ. 'ದವಡೆ ಮತ್ತೆ ಬೆಳೀತು' ಅನ್ನೋ ಸುದ್ದಿಗಳ ಮೂಲ ಇದು. ಇವರ ವಾದ, ದವಡೆ ಜಾರಿ ನಾಯಿಗೆ ವರ್ಷಗಟ್ಟಲೆ ಆಗೋ ಕಿರಿಕಿರಿ ಹೊರಗಿಂದ ಕಾಣಲ್ಲ, ನಾಯಿ ಹೇಳ್ಕೊಳಲ್ಲ ಅಷ್ಟೇ, ತಡೆಯೋಕೆ ಆಗೋದಾದ್ರೆ ಯಾಕೆ ತಡೀಬಾರದು ಅಂತ.

ಆದ್ರೆ ಸುದ್ದಿಯಲ್ಲಿ ಬರದ ಒಂದು ತೊಡಕಿದೆ. ಬಿಎಂಪಿ-2 ಬೆಳವಣಿಗೆಗೆ ಉತ್ತೇಜನ ಕೊಡೋ ವಸ್ತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನುಷ್ಯರ ಬೆನ್ನುಮೂಳೆಗೆ ಅಂತ ಒಪ್ಪಿಗೆ ಕೊಟ್ಟ ಇದೇ ಪ್ರೋಟೀನಿನ ಉತ್ಪನ್ನದ ಸೂಚನೆಯಲ್ಲೇ, ಗಡ್ಡೆ ಇರೋ ಅಥವಾ ಗಡ್ಡೆ ತೆಗೆದ ಜಾಗದ ಹತ್ತಿರ ಬಳಸಬೇಡಿ ಅಂತಿದೆ. ಒಂದು ಕಣ ಉಳಿದಿದ್ರೂ ಅದಕ್ಕೇ ಗೊಬ್ಬರ ಹಾಕಿದ ಹಾಗಾದ್ರೆ ಅನ್ನೋ ಭಯ. ಹಾಗಾಗಿ ಪಕ್ಷಪಾತ ಇಲ್ಲದೆ ನೋಡಿದ್ರೆ ಈ ವಿಧಾನ ಹೊಂದೋದು ಅಮೆಲೋಬ್ಲಾಸ್ಟೋಮಾದಂಥ ಹರಡದ ಗಡ್ಡೆಗೆ, ಇಲ್ಲಾ ಅಪಘಾತದಲ್ಲಿ ದವಡೆ ಪುಡಿಯಾದ ಕೇಸಿಗೆ, ಅಥವಾ ಅಂಚು ಕ್ಲೀನ್ ಇದೆ ಅಂತ ರಿಪೋರ್ಟ್ ಬಂದು ಸ್ವಲ್ಪ ಕಾಲ ಕಳೆದ ಮೇಲೆ. ಮೆಲನೋಮಾ ಇರೋ ನಾಯಿಗೆ ದವಡೆ ಬೆಳೆಸೋದು ಬಹುಪಾಲು ನಮ್ಮ ಸಮಾಧಾನಕ್ಕೆ.

'ಹಿಂಸೆ ಅಲ್ವಾ ಇದು' ಅನ್ನೋ ಪ್ರಶ್ನೆ

ತಳ್ಳಿಹಾಕೋ ಪ್ರಶ್ನೆ ಅಲ್ಲ ಇದು. ಆದ್ರೆ ಹೋಲಿಕೆ ಯಾವುದರ ಜೊತೆ ಅನ್ನೋದು ಮುಖ್ಯ. ಆಪರೇಷನ್ ಮಾಡಿಸದೇ ಬಿಟ್ಟ ಬಾಯಿ ಗಡ್ಡೆ ಸುಮ್ನೆ ಕೂರಲ್ಲ, ಒಡೆದು ರಕ್ತ ಸುರಿಯತ್ತೆ, ಕೊಳೆತು ವಾಸನೆ ಬರತ್ತೆ, ಮೂಳೆ ಮುರಿಯತ್ತೆ. ಆಪರೇಷನ್‌ನಲ್ಲಿ ದವಡೆಯ ನರಕ್ಕೇ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಆಮೇಲೆ ಬಲವಾದ ನೋವಿನ ಔಷಧಿ ಕೊಟ್ಟು ನೋಡ್ಕೊಂಡ್ರೆ ಮೊದಲ ವಾರ ಕಷ್ಟ, ಆಮೇಲೆ ಅದಕ್ಕಿಂತ ಕಮ್ಮಿ. ಎರಡು ಮೂರು ವಾರ ಮೆತ್ತನೆ ಊಟ, ಅನ್ನ ಕೋಳಿ ಚೆನ್ನಾಗಿ ಮಿದ್ದು ಸಣ್ಣ ಸಣ್ಣ ಉಂಡೆ ಕಟ್ಟಿ ಕೈಯಲ್ಲೇ ಇಡಬೇಕು, ತಟ್ಟೆಯಲ್ಲಿ ತೆಳ್ಳಗೆ ಕಲಸಿ ಇಟ್ರೆ ಅರ್ಧ ನೆಲಕ್ಕೆ. ಮೂಳೆ, ಹಗ್ಗ, ಎಳೆದಾಡೋ ಆಟಿಕೆ ಬಂದ್. ಕುತ್ತಿಗೆಗೆ ಕೋನ್ ಬೇಕು, ಇಲ್ಲಾಂದ್ರೆ ಮುಂಗಾಲಲ್ಲಿ ಮುಖ ಉಜ್ಜಿ ಹೊಲಿಗೆ ಬಿಚ್ಕೊಳತ್ತೆ.

1997ರಲ್ಲಿ ಪ್ರಕಟವಾದ ಒಂದು ಸ್ಟಡಿಯಲ್ಲಿ ಹೀಗೆ ದವಡೆಯ ಭಾಗ ತೆಗೆಸಿದ 27 ನಾಯಿಗಳ ಮಾಲೀಕರನ್ನ ಕೇಳಿದ್ರು, 85% ಜನ ಮಾಡಿಸಿದ್ದು ಒಳ್ಳೇದಾಯ್ತು ಅಂದ್ರು. ಚಿಕ್ಕ ಸ್ಟಡಿ, ಮಾಲೀಕರ ಮಾತು, ನಾಯಿಯ ಮಾತಲ್ಲ, ಅಷ್ಟು ರಿಯಾಯಿತಿ ಇಟ್ಕೊಂಡೇ ಓದಬೇಕು. ಬೆಕ್ಕಿಗೆ ಇದೇ ಭರವಸೆ ಕೊಡೋಕಾಗಲ್ಲ, ಕೆಲವು ಬೆಕ್ಕುಗಳು ದವಡೆ ಹೋದ ಮೇಲೆ ಮತ್ತೆ ತಾವಾಗಿ ತಿನ್ನೋದೇ ಇಲ್ಲ.

ಹಿಂಸೆ ಅನ್ನೋ ಮಾತು ನಿಜ ಆಗೋ ಜಾಗನೂ ಇದೆ. ಶ್ವಾಸಕೋಶಕ್ಕೆ ಆಗಲೇ ಹರಡಿರೋ ನಾಯಿಗೆ, ಗಡ್ಡೆ ಗಂಟಲ ಹಿಂದಕ್ಕೆ ಹೋಗಿರೋ ನಾಯಿಗೆ, ಬಿಟ್ಟುಕೊಡೋಕೆ ಮನಸ್ಸಿಲ್ಲ ಅನ್ನೋ ಕಾರಣಕ್ಕೆ ಅರ್ಧ ಮುಖ ತೆಗೆಸೋದು. ಅಲ್ಲಿ ಪೇನ್‌ಕಿಲ್ಲರ್ ಕೊಟ್ಟು ಚೆನ್ನಾಗಿರೋ ದಿನಗಳನ್ನ ಚೆನ್ನಾಗಿ ಕಳೆಯೋದೂ ಚಿಕಿತ್ಸೆನೇ.

ನಮ್ಮ ಕಡೆ ಲೆಕ್ಕ ಸ್ವಲ್ಪ ಬೇರೆ

ಅಮೆರಿಕದ ಸುದ್ದಿ ಓದಿ ನಮ್ಮ ಬೀದಿನಾಯಿ ಮೂಗಿನ ಗಡ್ಡೆಗೆ ಹೋಲಿಸಿದ್ರೆ ದಾರಿ ತಪ್ಪತ್ತೆ. ನಮ್ಮಲ್ಲಿ ಬೀದಿ ನಾಯಿಗಳಲ್ಲಿ ತುಂಬಾ ಕಾಣೋದು ಸಿಟಿವಿಟಿ, ನಾಯಿಯಿಂದ ನಾಯಿಗೆ ಕೂಡುವಾಗ ಅಂಟೋ ಗಡ್ಡೆ. ಗಡ್ಡೆಯ ಜೀವಕೋಶಗಳೇ ಒಂದು ಮೈಯಿಂದ ಇನ್ನೊಂದಕ್ಕೆ ಹೋಗಿ ಬೇರೂರೋ ವಿಚಿತ್ರ ಕಾಯಿಲೆ, ಸಾವಿರಾರು ವರ್ಷದಿಂದ ಹೀಗೇ ನಡ್ಕೊಂಡು ಬಂದಿದೆ. ಮೂಸಿ ನೆಕ್ಕೋದ್ರಿಂದ ಇದು ಮೂಗು, ಬಾಯಿಗೂ ಬರತ್ತೆ. ನೋಡೋಕೆ ಭಯಂಕರ, ಮೂಗು ಊದಿ ಸೊಟ್ಟಗಾಗಿ ರಕ್ತ ತೊಟ್ಟಿಕ್ತಿರತ್ತೆ. ಆದ್ರೆ ಇದಕ್ಕೆ ಕತ್ತಿ ಬೇಡವೇ ಬೇಡ, ವಿನ್‌ಕ್ರಿಸ್ಟಿನ್ ಅನ್ನೋ ಇಂಜೆಕ್ಷನ್ ವಾರಕ್ಕೊಂದರಂತೆ ನಾಲ್ಕಾರು ಸಲ ಕೊಟ್ರೆ ಹೆಚ್ಚಿನವು ಕರಗಿ ಹೋಗ್ತವೆ. ಗಾಜಿನ ಸ್ಲೈಡ್ ಮೇಲೆ ಒತ್ತಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಗೊತ್ತಾಗೋ ಕಾಯಿಲೆ ಇದು. ಆ ಒಂದು ಸ್ಲೈಡ್ ನೋಡದೆ ಕ್ಯಾನ್ಸರ್ ಅಂತ ದಯಾಮರಣ ಕೊಡಿಸೋದೂ ತಪ್ಪು, ಮುಖ ಕತ್ತರಿಸೋದೂ ತಪ್ಪು. ಗಡ್ಡೆ ಅಂಗುಳು ತಿಂದುಹಾಕಿದ್ರೆ ಮಾತ್ರ, ಅದು ಕರಗಿದ ಮೇಲೆ ಉಳಿಯೋ ತೂತು ಮುಚ್ಚೋಕೆ ಸರ್ಜರಿ ಬೇಕಾಗಬಹುದು. ಹುಳ ಬಿದ್ದು ಅರ್ಧ ಮುಖ ತಿಂದ ಗಾಯನೂ ದೂರದಿಂದ ಕ್ಯಾನ್ಸರ್ ಥರನೇ ಕಾಣತ್ತೆ, ಹುಳ ತೆಗೆದು ಡ್ರೆಸ್ಸಿಂಗ್ ಮಾಡ್ತಾ ಹೋದ್ರೆ ಎಷ್ಟೋ ಗಾಯ ತಾನಾಗೇ ತುಂಬ್ಕೊಳತ್ತೆ.

ಸಾಕಿದ ನಾಯಿಗಳ ವಿಷಯಕ್ಕೆ ಬಂದ್ರೆ ಬೆಂಗಳೂರಲ್ಲಿ ಪ್ರಾಣಿಗಳ ಸಿಟಿ ಸ್ಕ್ಯಾನ್ ಸಿಗತ್ತೆ, ಹೆಬ್ಬಾಳದ ವೆಟರ್ನರಿ ಕಾಲೇಜು ಇದೆ, ಫ್ಲಾಪ್ ಸರ್ಜರಿಗೆ ಬೇಕಾಗೋದು ವಿದೇಶದ ಮಷೀನ್ ಅಲ್ಲ, ಪಳಗಿದ ಕೈ ಮತ್ತು ಒಳ್ಳೇ ಅನಸ್ತೇಸಿಯಾ. ಕೊರತೆ ಇರೋದು ಅದರ ಹಿಂದೆ ಮುಂದೆ. ಅಂಚಲ್ಲಿ ಕ್ಯಾನ್ಸರ್ ಉಳಿದ್ರೆ ಹೊರದೇಶದಲ್ಲಿ ರೇಡಿಯೇಷನ್ ಕೊಡ್ತಾರೆ, ನಮ್ಮಲ್ಲಿ ಪ್ರಾಣಿಗಳಿಗೆ ಅದು ಸುಲಭಕ್ಕೆ ಸಿಗಲ್ಲ, ಹಾಗಾಗಿ ಇಲ್ಲಿ ಮೊದಲ ಆಪರೇಷನ್ನೇ ಕೊನೇ ಚಾನ್ಸ್ ಇದ್ದ ಹಾಗೆ. ರತನ್ ಟಾಟಾ ತಮ್ಮ ನಾಯಿಯ ಕೀಲು ಚಿಕಿತ್ಸೆಗೆ ಅಮೆರಿಕದ ಮಿನೆಸೋಟಾವರೆಗೆ ಹೋಗಬೇಕಾಯ್ತು ಅಂತ ಹೇಳಿದ್ರು, 2024ರಲ್ಲಿ ಮುಂಬೈ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ ಶುರುವಾಯ್ತು. ಇಂಥ ಜಾಗಗಳು ಹೆಚ್ಚಾದ್ರೆ ಕಷ್ಟದ ಕೇಸ್‌ಗಳು ಒಂದೇ ಕಡೆ ಬರತ್ತೆ, ಒಂದೇ ಟೀಮ್ ಅದನ್ನೇ ಮಾಡಿ ಮಾಡಿ ಕೈ ಪಳಗತ್ತೆ. ಟೈಟಾನಿಯಂ ಪ್ಲೇಟ್‌ಗಿಂತ ಮೊದಲು ನಮ್ಮಲ್ಲಿ ಬಳಕೆಗೆ ಬರೋದು ಬಹುಶಃ 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಬುರುಡೆ ಮಾದರಿ, ಅದನ್ನ ಕೈಯಲ್ಲಿ ಹಿಡಿದು ಎಲ್ಲಿ ಕತ್ತರಿಸಬೇಕು ಅಂತ ಹಿಂದಿನ ದಿನವೇ ಗೆರೆ ಹಾಕ್ಕೊಳ್ಳೋಕೆ.

ಡಾಕ್ಟರ್ ಹತ್ರ ಏನು ಕೇಳಬೇಕು

'ಮುಖ ಹೇಗೆ ಕಾಣತ್ತೆ' ಅನ್ನೋದನ್ನ ಆಮೇಲೆ ಕೇಳಿ. ಮೊದಲು ಗಡ್ಡೆ ಹೆಸರೇನು, ಬಯಾಪ್ಸಿ ಯಾವ ಜಾಗದಿಂದ ತಗೊಂಡ್ರಿ, ಗ್ರಂಥಿಗೆ ಸೂಜಿ ಹಾಕಿದ್ರಾ, ಎದೆ ನೋಡಿದ್ರಾ, ಎಷ್ಟು ಮಾರ್ಜಿನ್ ಸಿಗತ್ತೆ, ಹೊಲಿಗೆ ಬಿಟ್ಕೊಂಡ್ರೆ ಮುಂದೇನು ಅಂತ ಕೇಳಿ. ತೆಗೆದ ಭಾಗವನ್ನ ಅಂಚಿಗೆ ಬಣ್ಣ ಹಚ್ಚಿ ಲ್ಯಾಬಿಗೆ ಕಳಿಸ್ತೀರಾ ಅಂತಲೂ ಕೇಳಿ. ಎಷ್ಟೋ ಕಡೆ ಖರ್ಚು ಉಳಿಸೋಕೆ ಇದೊಂದನ್ನ ಬಿಡ್ತಾರೆ, ಆಗ ಕ್ಯಾನ್ಸರ್ ಪೂರ್ತಿ ಹೋಗಿದ್ಯೋ ಇಲ್ವೋ ಯಾರಿಗೂ ಗೊತ್ತಾಗಲ್ಲ.

ಮನೇಲಿ ನೋಡೋದಾದ್ರೆ, ಬಾಯಿ ವಾಸನೆ ಏಕಾಏಕಿ ಜಾಸ್ತಿ ಆಗೋದು, ನೀರಿನ ಬಟ್ಟಲಲ್ಲಿ ರಕ್ತದ ಎಳೆ, ಒಂದೇ ಕಡೆಯಿಂದ ಊಟ ಬೀಳಿಸೋದು, ಕಣ್ಣಿನ ಕೆಳಗೆ ಊತ. ಎಲ್ಲಕ್ಕಿಂತ ಮೋಸ ಮಾಡೋದು ಅಲ್ಲಾಡೋ ಹಲ್ಲು. ಬೇರೆ ಹಲ್ಲೆಲ್ಲಾ ಗಟ್ಟಿ ಇದ್ದು ಒಂದೇ ಜಾಗದಲ್ಲಿ ಹಲ್ಲು ಸಡಿಲ ಆಗಿದ್ರೆ ಕೀಳಿಸೋ ಮುಂಚೆ ಎಕ್ಸ್‌ರೇ ತೆಗೆಸಿ, ಆಗಲೇ ಕಿತ್ತಾಗಿದ್ದು ಎರಡು ವಾರ ಆದ್ರೂ ಗುಣಿ ಮುಚ್ಚಿಲ್ಲ, ಅಲ್ಲಿ ಮಾಂಸ ಬೆಳೀತಿದೆ ಅಂದ್ರೆ ಇನ್ನೊಂದು ಕೋರ್ಸ್ ಆಂಟಿಬಯಾಟಿಕ್ ಬೇಡ, ಬಯಾಪ್ಸಿ ಮಾಡಿ ಅನ್ನಿ.